ಸಾಲಿಗಾಗಿ ಸಾಲ ಇನ್ನು ಸಾಕು: ಡಿಸೆಂಬರ್ ಮುಗಿಯುವ ಮೊದಲು ಲೆಕ್ಕ ಕೇಳೋಣ

ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಸೀಮೆಯ ತಂದೆತಾಯಿಗಳೇ, ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,

ಜೂನ್ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡು ಖರ್ಚು ಒಟ್ಟಿಗೇ ಬಾಗಿಲಿಗೆ ಬಂದು ನಿಲ್ಲುತ್ತವೆ. ಒಂದು ಬಿತ್ತಿಗೆಯದು, ಇನ್ನೊಂದು ಮಕ್ಕಳ ಫೀ. ಬೀಜ-ಗೊಬ್ಬರವನ್ನು ಅಂಗಡಿಯವರು ಉದ್ರಿ ಕೊಡುತ್ತಾರೆ, ಸುಗ್ಗಿಗೆ ಮುಟ್ಟಿಸಿದರಾಯಿತು. ಫೀ ಮಾತ್ರ ಉದ್ರಿ ನಡೆಯುವುದಿಲ್ಲ. ಹಾಗಾಗಿ ಸ್ವಸಹಾಯ ಸಂಘದ ಸಾಲ, ಅದು ಸಾಲದಿದ್ದರೆ ಕೈಗಡ, ಅದೂ ಹುಟ್ಟದಿದ್ದರೆ ಕೊರಳಿನ ಬಂಗಾರ ಒತ್ತಿ. ಗೃಹಲಕ್ಷ್ಮಿಯ ಎರಡು ಸಾವಿರ ಎಷ್ಟೋ ಮನೆಗಳಲ್ಲಿ ಖಾತೆಗೆ ಬಂದ ದಿನವೇ ಸಾಲಿಯ ಕೌಂಟರಿಗೆ ಹೋಗುತ್ತದೆ. ಮಕ್ಕಳು ಓದಲಿ ಎಂದು ತಾಯಿ ಒಂದು ಹೊತ್ತು ಬಿಟ್ಟು ಕೂಡಿಸುವ ಈ ರೊಕ್ಕದ ಬಗ್ಗೆ ನಾವು ಯಾವತ್ತೂ ಕುಳಿತು ಮಾತಾಡಿಲ್ಲ. ಈಗ ಮಾತಾಡೋಣ.

ಕೇಂದ್ರ ಸರಕಾರದ ಅಂಕಿಅಂಶ ಕಚೇರಿಯು 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಮನೆಮನೆಗೆ ಹೋಗಿ, ಮಕ್ಕಳ ಓದಿಗೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿ ಬರೆದುಕೊಂಡಿತು. ಸರಕಾರಿ ಶಾಲೆಯ ಒಂದು ಮಗುವಿಗೆ ಮನೆಯವರು ವರ್ಷಕ್ಕೆ ಸರಾಸರಿ 2,863 ರೂಪಾಯಿ ಖರ್ಚು ಮಾಡುತ್ತಾರೆ. ಸರಕಾರಿಯಲ್ಲದ ಶಾಲೆಯ ಮಗುವಿಗೆ 25,002 ರೂಪಾಯಿ. ಈ ಎರಡನೆಯ ಅಂಕಿಯನ್ನು ನಮ್ಮ ಹೊಲದ ಲೆಕ್ಕಕ್ಕೆ ತಂದು ನೋಡಿ. 2025-26ರ ಹಂಗಾಮಿಗೆ ಸರಕಾರ ತೊಗರಿಗೆ ಸಾರಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆ ಬೆಲೆ ಪೂರ್ತಿ ಕೈಗೆ ಸಿಕ್ಕರೂ ಒಂದು ಮಗುವಿನ ಒಂದು ವರ್ಷದ ಓದಿಗೆ ಮೂರು ಕ್ವಿಂಟಲ್ ತೊಗರಿ ಮಾರಿದರೂ ಸಾಲುವುದಿಲ್ಲ. ಮಳೆ ಕೈಕೊಟ್ಟ ವರ್ಷ ಒಂದು ಎಕರೆ ಹೊಲ ಅಷ್ಟು ಕೊಡುವುದಿಲ್ಲ. ಹೊಲ ಇಲ್ಲದವರ ಲೆಕ್ಕ ಇನ್ನೂ ಕಠಿಣ: ಉದ್ಯೋಗ ಖಾತರಿಯ 2025-26ರ 370 ರೂಪಾಯಿ ಕೂಲಿಯಲ್ಲಿ 67 ದಿನಕ್ಕೂ ಹೆಚ್ಚು ದುಡಿದದ್ದೆಲ್ಲ ಒಂದು ಮಗುವಿನ ಫೀ, ಬಸ್ಸು, ಪುಸ್ತಕ, ಸಮವಸ್ತ್ರಕ್ಕೆ ಹೋಗುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ? ಆಗ ಗಂಡುಮಗನನ್ನು ಕಾನ್ವೆಂಟಿಗೆ, ಹೆಣ್ಣುಮಗಳನ್ನು ಊರ ಕನ್ನಡ ಸಾಲಿಗೆ ಕಳಿಸುತ್ತೇವೆ. ಓಣಿ ಓಣಿಯಲ್ಲಿ ನಡೆಯುವ ಈ ಅನ್ಯಾಯವನ್ನು ಬಾಯಿಬಿಟ್ಟು ಹೇಳಲೇಬೇಕು.

ಅದೇ ಸಮೀಕ್ಷೆ ಇನ್ನೊಂದು ಸಂಗತಿಯನ್ನು ಹೇಳಿದೆ. ದೇಶದ ನೂರು ಮಕ್ಕಳಲ್ಲಿ 95 ಮಕ್ಕಳ ಓದಿನ ಖರ್ಚಿಗೆ ಮೊದಲ ಆಸರೆ ಮನೆಮಂದಿಯೇ. ಸರಕಾರದ ವಿದ್ಯಾರ್ಥಿವೇತನವೇ ಮೊದಲ ಆಸರೆ ಎಂದವರು ನೂರಕ್ಕೆ 1.2. ಹಳ್ಳಿಗಳಲ್ಲಿ ಕೂಡ ನಾಲ್ಕರಲ್ಲಿ ಒಂದು ಮಗು ಸಾಲಿ ಬಿಟ್ಟ ಮೇಲೆ ಟ್ಯೂಶನ್‌ಗೆ ಹೋಗುತ್ತದೆ. ಇಷ್ಟೆಲ್ಲದರ ನಡುವೆಯೂ ಹಳ್ಳಿಯ ನೂರು ಮಕ್ಕಳಲ್ಲಿ 66 ಮಕ್ಕಳು ಇನ್ನೂ ಸರಕಾರಿ ಶಾಲೆಯ ಬೆಂಚಿನಲ್ಲೇ ಕುಳಿತಿದ್ದಾರೆ. ಕನ್ನಡ ಸಾಲಿಯ ಕಾಲ ಮುಗಿಯಿತು ಎನ್ನುವವರು ಈ 66 ಮಕ್ಕಳನ್ನು ಎಲ್ಲಿ ಬಿಡುತ್ತಾರೆ?

ಒಂದು ತಪ್ಪು ತಿಳಿವಳಿಕೆ ನಮ್ಮೊಳಗೇ ಬೇರು ಬಿಟ್ಟಿದೆ. ಸರಕಾರಿ ಸಾಲಿ ಎಂದರೆ ಪುಕ್ಕಟೆ, ಪುಕ್ಕಟೆ ಕೊಟ್ಟದ್ದರ ಬಗ್ಗೆ ತಕರಾರು ಮಾಡಬಾರದು ಎಂಬ ತಿಳಿವಳಿಕೆ. ಅದು ಪುಕ್ಕಟೆ ಅಲ್ಲ. ಸಾಬೂನು ಕೊಂಡಾಗ, ಬೆಂಕಿಪೆಟ್ಟಿಗೆ ಕೊಂಡಾಗ, ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸಿದಾಗ ನಾವು ತೆರಿಗೆ ಕಟ್ಟಿದ್ದೇವೆ. ಆ ರೊಕ್ಕದಿಂದಲೇ ಮಾಸ್ತರರ ಪಗಾರ, ಕೋಣೆ, ಬಿಸಿಯೂಟ. ಒಮ್ಮೆ ಕೊಟ್ಟದ್ದರ ಲೆಕ್ಕ ಕೇಳದೆ ಸಾಲ ತಂದು ಎರಡನೆಯ ಸಲ ಕೊಡುತ್ತಿದ್ದೇವೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ನಾಲ್ಕನೆಯ, ಐದನೆಯ ತರಗತಿಯ ಕೂಸುಗಳನ್ನು ಮನೆ ಬಿಡಿಸಿ ಕೋಚಿಂಗ್ ಕೇಂದ್ರಗಳ ವಸತಿಯಲ್ಲಿ ಇಡುತ್ತೇವೆ. ಹತ್ತು ವರ್ಷದ ಮಗು ರಾತ್ರಿ ಅವ್ವನ ನೆನಪಾಗಿ ಅಳುತ್ತದೆ ಎಂದು ಗೊತ್ತಿದ್ದೂ ಇಡುತ್ತೇವೆ. ಏಕೆ? ನವೋದಯ ಸಿಗಲಿ, ಮೊರಾರ್ಜಿ ದೇಸಾಯಿ ವಸತಿ ಶಾಲೆ ಸಿಗಲಿ, ಕಿತ್ತೂರು ರಾಣಿ ಚೆನ್ನಮ್ಮ, ಆದರ್ಶ ವಿದ್ಯಾಲಯ, ಸೈನಿಕ ಶಾಲೆ ಸಿಗಲಿ ಎಂದು. ಇವೆಲ್ಲ ಯಾರ ಶಾಲೆಗಳು? ಸರಕಾರ ನಡೆಸುವ ಶಾಲೆಗಳೇ. ಹಾಗಾದರೆ ನಮ್ಮ ಮಂದಿಗೆ ಸರಕಾರಿ ಶಾಲೆ ಬೇಡವಾಗಿದೆ ಎಂಬ ಮಾತು ಶುದ್ಧ ಸುಳ್ಳು. ಸರಕಾರ ಮನಸ್ಸಿಟ್ಟು ರೊಕ್ಕ ಹಾಕಿದ ಶಾಲೆಯಲ್ಲಿ ಒಂದು ಸೀಟಿಗಾಗಿ ನಾವು ಹೊಲ ಒತ್ತಿ ಹಾಕಲೂ ತಯಾರಿದ್ದೇವೆ. ವಿಷಯಕ್ಕೊಬ್ಬ ಶಿಕ್ಷಕ, ಪ್ರಯೋಗಾಲಯ, ಗ್ರಂಥಾಲಯ, ಹೊತ್ತಿಗೆ ಊಟ ಇರುವ ಸರಕಾರಿ ಶಾಲೆಗೆ ಮಕ್ಕಳು ಪರೀಕ್ಷೆ ಬರೆದು ಸಾಲುಗಟ್ಟುತ್ತಾರೆ. ಒಬ್ಬರೇ ಮಾಸ್ತರರು ಐದು ತರಗತಿ ನೋಡಿಕೊಳ್ಳುವ, ಮಳೆಗೆ ಸೋರುವ ಸರಕಾರಿ ಶಾಲೆಯಿಂದ ಹೊರಗೆ ಓಡುತ್ತಾರೆ. ವ್ಯತ್ಯಾಸ ಇಷ್ಟೇ. ನವೋದಯಕ್ಕೆ ಇಡೀ ಜಿಲ್ಲೆಯಿಂದ ವರ್ಷಕ್ಕೆ 80 ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಸೀಟು ಸಿಗದೆ ಸೋತೆನೆಂದು ತಲೆತಗ್ಗಿಸಿ ಊರಿಗೆ ಮರಳುವ ಸಾವಿರಾರು ಮಕ್ಕಳು ಮಾಡಿದ ತಪ್ಪೇನು?

ರೊಕ್ಕ ಎಲ್ಲಿದೆ ಎಂದು ಕೇಳುವವರಿಗೆ ರಾಜ್ಯದ ಬಜೆಟ್ ಪುಸ್ತಕವನ್ನೇ ತೋರಿಸಬೇಕು. 2024-25ರಲ್ಲಿ ಕರ್ನಾಟಕದ ಬಜೆಟ್ 3,71,383 ಕೋಟಿ, ಅದರಲ್ಲಿ ಶಿಕ್ಷಣಕ್ಕೆ 44,422 ಕೋಟಿ. 2025-26ರಲ್ಲಿ ಬಜೆಟ್ 4,09,549 ಕೋಟಿಗೆ ಏರಿತು, ಶಿಕ್ಷಣದ ಪಾಲು 45,286 ಕೋಟಿಗೆ ಬಂತು. ಕಳೆದು ನೋಡಿ. ರಾಜ್ಯದ ಒಟ್ಟು ಖರ್ಚು 38 ಸಾವಿರ ಕೋಟಿ ಹೆಚ್ಚಾದ ವರ್ಷ ಮಕ್ಕಳ ಓದಿಗೆ ಹೆಚ್ಚಾದದ್ದು 864 ಕೋಟಿ. ನೂರು ರೂಪಾಯಿಯಲ್ಲಿ 12 ರೂಪಾಯಿ ಇದ್ದ ಪಾಲು 11ಕ್ಕೆ ಇಳಿಯಿತು. ದಿಲ್ಲಿಯದೂ ಬೇರೆ ಕಥೆಯಲ್ಲ. ದೇಶದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ ಆರು ಪಾಲು ಶಿಕ್ಷಣಕ್ಕೆ ಕೊಡಬೇಕೆಂದು ಡಿ.ಎಸ್. ಕೊಠಾರಿ ಆಯೋಗ ಹೇಳಿದ್ದು 1966ರಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಆರನ್ನು ಮತ್ತೆ ಬರೆಯಿತು, ಜೊತೆಗೆ 2017-18ರಲ್ಲಿ ಕೇಂದ್ರ-ರಾಜ್ಯಗಳು ಸೇರಿ ಕೊಟ್ಟದ್ದು 4.43 ಎಂದೂ ಒಪ್ಪಿಕೊಂಡಿತು. ಅಜ್ಜನ ಕಾಲದಲ್ಲಿ ಕೊಟ್ಟ ಮಾತು ಮೊಮ್ಮಕ್ಕಳು ಸಾಲಿ ಸೇರುವ ಹೊತ್ತಿಗೂ ಮಾತಾಗಿಯೇ ಉಳಿದಿದೆ.

ಈ ಕೊರತೆಯ ಭಾರ ಯಾರ ಮೇಲೆ ಬೀಳುತ್ತದೆ? ಕಾಯಂ ಶಿಕ್ಷಕರ ಜಾಗದಲ್ಲಿ ತಿಂಗಳಿಗೆ 12 ಸಾವಿರದ ಆಸುಪಾಸಿನ ಗೌರವಧನಕ್ಕೆ ದುಡಿಯುವ ಅತಿಥಿ ಶಿಕ್ಷಕರ ಮೇಲೆ. ಐದು ಸಾವಿರವೂ ಮುಟ್ಟದ ಸಂಭಾವನೆಗೆ ನೂರು ಮಕ್ಕಳಿಗೆ ಅಡುಗೆ ಮಾಡಿ ಬಡಿಸುವ ಬಿಸಿಯೂಟದ ತಾಯಂದಿರ ಮೇಲೆ. ಕೊನೆಗೆ ನಮ್ಮ ಮಕ್ಕಳ ಮೇಲೆ. 2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡದ ನೂರು ಮಕ್ಕಳಲ್ಲಿ 91 ಮಕ್ಕಳು ಪಾಸಾದರು. ವಿಜಯಪುರ ಜಿಲ್ಲೆ ನೂರಕ್ಕೆ ಐವತ್ತನ್ನೂ ಮುಟ್ಟದೆ ಪಟ್ಟಿಯ ತಳದ ಸಮೀಪ ನಿಂತಿತು. ನಮ್ಮ ಮಕ್ಕಳ ತಲೆ ದಕ್ಷಿಣ ಕನ್ನಡದ ಮಕ್ಕಳ ತಲೆಗಿಂತ ಸಣ್ಣದಲ್ಲ. ಕಬ್ಬು ಕಡಿಯಲು, ಇಟ್ಟಂಗಿ ಸುಡಲು, ಗೋವಾದ ಕಟ್ಟಡಗಳಲ್ಲಿ ಕಲ್ಲು ಹೊರಲು ತಂದೆತಾಯಿ ಗುಳೆ ಹೋದರೆ ಮಗುವೂ ಬೆನ್ನಿಗೆ ಹೋಗುತ್ತದೆ. ದೀಪಾವಳಿಯಿಂದ ಯುಗಾದಿವರೆಗೆ ಹಾಜರಿ ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಗೈರುಹಾಜರಿಯೇ. ಅಂಥ ಮಕ್ಕಳಿಗಾಗಿ ಹಂಗಾಮಿ ವಸತಿ ನಿಲಯ ನಡೆಸಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಕೇಳುವವರು ಬೇಕು.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75 ದಾಟಿದಾಗ ನಮ್ಮ ಜಿಲ್ಲೆ 67ರಲ್ಲಿತ್ತು. ಅದಕ್ಕೂ ಮೊದಲೇ, 2002ರಲ್ಲಿ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಬರೆದು, ನಮ್ಮ ತಾಲ್ಲೂಕುಗಳನ್ನು ಆ ಪಟ್ಟಿಗೆ ಸೇರಿಸಿ, ಎಂಟು ವರ್ಷಗಳಲ್ಲಿ 31 ಸಾವಿರ ಕೋಟಿ ಹಾಕಿ ಈ ಅಂತರ ಮುಚ್ಚಬೇಕೆಂದು ಹೇಳಿತ್ತು. ಭೀಮೆಯ ಆಚೆ ದಡದಲ್ಲಿ ಕಲಬುರಗಿ ಜಿಲ್ಲೆ. ಅಲ್ಲಿಯವರಿಗೆ ಸಂವಿಧಾನದ 371ಜೆ ವಿಧಿ ಇದೆ, ವರ್ಷಕ್ಕೆ 5,000 ಕೋಟಿ ಘೋಷಣೆಯಾಗುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಅವರಿಗೆ ಸಿಕ್ಕಿದ್ದರ ಬಗ್ಗೆ ನಮಗೆ ಹೊಟ್ಟೆಕಿಚ್ಚಿಲ್ಲ, ಹೋರಾಡಿ ಪಡೆದರು, ಇನ್ನೂ ಹೆಚ್ಚು ಸಿಗಲಿ. ಆದರೆ ಹೊಳೆಯ ಈಚೆ ಸಿಂದಗಿಯ ಹಳ್ಳಿಯೂ ಅದೇ ಬಿಸಿಲು, ಅದೇ ಬರ, ಅದೇ ಗುಳೆ ಕಂಡಿದೆ. ನಮ್ಮ ಶಾಲೆಗಳಿಗೆ ಅಂಥ ಆಸರೆ ಯಾವುದೂ ಇಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರು ನಾವು. ಕೂಡಗಿಯಲ್ಲಿ 2,400 ಮೆಗಾವ್ಯಾಟ್‌ನ ವಿದ್ಯುತ್ ಸ್ಥಾವರಕ್ಕೆ ಭೂಮಿ ಕೊಟ್ಟವರು ನಾವು. ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜಕ್ಕೆ ಕೊಡಬೇಕು, ಅದರಲ್ಲಿ ಸುತ್ತಲಿನ ಊರುಗಳಿಗೆ ಆದ್ಯತೆ ಇರಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಆ ಪಾಲಿನಲ್ಲಿ ನಮ್ಮ ಸಾಲಿಗಳಿಗೆ ಎಷ್ಟು ಬಂತು ಎಂದು ಕೇಳುವುದು ಭಿಕ್ಷೆಯಲ್ಲ.

ಓದಿಗಾಗಿ ರೊಕ್ಕ ಕೂಡಿಸುವುದು ಈ ನೆಲಕ್ಕೆ ಹೊಸದಲ್ಲ. 1910ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿ, ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಬಿಎಲ್‌ಡಿಇ ಸಂಸ್ಥೆ ಕಟ್ಟಿದರು. ಬಂಥನಾಳದ ಸಂಗನಬಸವ ಶಿವಯೋಗಿಗಳು ಅದಕ್ಕಾಗಿ ಜೋಳಿಗೆ ಹಿಡಿದು ಊರೂರು ತಿರುಗಿದರು. ಬಡವರ ಮನೆಯ ಜೋಳವೂ ಆ ಜೋಳಿಗೆಗೆ ಬಿತ್ತು. ಆಗಿನ ಸರಕಾರ ನಮ್ಮದಾಗಿರಲಿಲ್ಲ, ಜನರೇ ಕೊಡಬೇಕಾಗಿತ್ತು, ಕೊಟ್ಟರು. ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ಕನ್ನಡದ ದೊಡ್ಡ ಸಂಶೋಧಕರಾಗಿ ಬೆಳೆದದ್ದು ಈ ಸೀಮೆಯ ಸಾಲಿಗಳಿಂದಲೇ. ಈಗಿನ ಸರಕಾರ ನಮ್ಮ ಮತದಿಂದ ಬಂದದ್ದು. 2002ರಲ್ಲಿ ಸಂವಿಧಾನಕ್ಕೆ 21ಎ ವಿಧಿ ಸೇರಿತು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಆರರಿಂದ ಹದಿನಾಲ್ಕು ವರ್ಷದ ಮಗುವಿನ ಓದು ಸರಕಾರದ ಹೊಣೆ ಎಂದು ಕಾನೂನೇ ಬರೆದಿರುವಾಗ ಜೋಳಿಗೆ ಮತ್ತೆ ನಮ್ಮ ಬಾಗಿಲಿಗೆ ಬರಬಾರದು.

ಹೋರಾಡಿದರೆ, ಕೇಳಿದರೆ ಏನಾದರೂ ಬರುತ್ತದೆಯೇ ಎಂಬ ಅನುಮಾನ ಇರುವವರು ಮಧ್ಯಾಹ್ನದ ಊಟವನ್ನು ನೆನೆಯಿರಿ. 2001ರಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆಜ್ಞೆ ಮಾಡಿತು. 2002ರಲ್ಲಿ ಕರ್ನಾಟಕ ಅಕ್ಷರ ದಾಸೋಹವನ್ನು ಮೊದಲು ಆರಂಭಿಸಿದ ಜಿಲ್ಲೆಗಳಲ್ಲಿ ನಮ್ಮ ಜಿಲ್ಲೆಯೂ ಇತ್ತು. ಇಂದು ಊಟವಿಲ್ಲದ ಸರಕಾರಿ ಸಾಲಿಯನ್ನು ಊಹಿಸಲೂ ಆಗುವುದಿಲ್ಲ. ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2006-07ರಲ್ಲಿ ಶುರುವಾಗಿ ಎಂಟನೆಯ ತರಗತಿಯ ಮಕ್ಕಳಿಗೆ ಸಿಗುತ್ತಿದ್ದ ಸೈಕಲ್, ಕೊರೊನಾ ಕಾಲದಲ್ಲಿ ನಿಂತದ್ದು ವರ್ಷಗಟ್ಟಲೆ ಮತ್ತೆ ಬರಲಿಲ್ಲ. ಪಕ್ಕದ ಊರಿನ ಹೈಸ್ಕೂಲಿಗೆ ಹೋಗುವ ಹೆಣ್ಣುಮಗಳಿಗೆ ಬಸ್ ಟಿಕೆಟ್ ಈಗ ಉಚಿತ, ಸರಿ. ಆದರೆ ಬಸ್ಸೇ ಸಾಲಿಯ ಹೊತ್ತಿಗೆ ಬರದಿದ್ದರೆ ಉಚಿತ ಟಿಕೆಟ್ ಹಿಡಿದು ಎಲ್ಲಿ ಕೂರಬೇಕು?

ಈಗ ಕೆಲಸದ ಮಾತಿಗೆ ಬರೋಣ. ಶಿಕ್ಷಣ ಹಕ್ಕು ಕಾಯ್ದೆಯ 22ನೆಯ ಕಲಂ ಬಹಳ ಮಂದಿಗೆ ಗೊತ್ತಿಲ್ಲ. ಪ್ರತಿ ಸರಕಾರಿ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ತನ್ನ ಶಾಲೆಗೆ ಒಂದು ಅಭಿವೃದ್ಧಿ ಯೋಜನೆ ಬರೆಯಬೇಕು, ಸರಕಾರ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕು ಎಂದು ಅದು ಹೇಳುತ್ತದೆ. ಮೂರು ವರ್ಷದ ಯೋಜನೆ, ವರ್ಷವಾರು ವಿವರ: ಯಾವ ತರಗತಿಗೆ ಎಷ್ಟು ಮಕ್ಕಳು ಬರುತ್ತಾರೆ, ಎಷ್ಟು ಶಿಕ್ಷಕರು ಬೇಕು, ಎಷ್ಟು ಕೋಣೆ, ಎಷ್ಟು ಶೌಚಾಲಯ, ಒಟ್ಟು ಎಷ್ಟು ರೊಕ್ಕ. ಮಾರ್ಚ್‌ಗೆ ಮುಗಿಯುವ ಆರ್ಥಿಕ ವರ್ಷಕ್ಕೆ ಮೂರು ತಿಂಗಳು ಮೊದಲೇ, ಅಂದರೆ ಡಿಸೆಂಬರ್ ಮುಗಿಯುವುದರೊಳಗೆ, ಅದು ಸಿದ್ಧವಾಗಿರಬೇಕು. ಆ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳು. ಅಂದರೆ ಬೆಂಗಳೂರಿನ ಬಜೆಟ್‌ಗೆ ಕೆಳಗಿನಿಂದ ಲೆಕ್ಕ ಬರೆದು ಕಳಿಸುವ ಲೇಖಣಿಯನ್ನು ಕಾನೂನು ನಿಮ್ಮ ಕೈಗೇ ಕೊಟ್ಟಿದೆ. ಎಷ್ಟೋ ಊರುಗಳಲ್ಲಿ ಆ ಯೋಜನೆ ಬರೆಯುವುದೇ ಇಲ್ಲ, ಬರೆದರೂ ಹಳೆಯದನ್ನೇ ನಕಲು ಮಾಡಿ ಸದಸ್ಯರ ಸಹಿ ತೆಗೆದುಕೊಳ್ಳುತ್ತಾರೆ. ಓದದೆ ಸಹಿ ಮಾಡಬೇಡಿ. ಹೆಬ್ಬೆಟ್ಟು ಒತ್ತುವ ತಾಯಿ ಮಗನಿಂದ ಓದಿಸಿ ಕೇಳಿ ಆಮೇಲೆ ಒತ್ತಲಿ.

ಯೋಜನೆ ಬರೆಯುವಾಗ ಕಾಯ್ದೆಯ ಅಳತೆಗೋಲು ಕೈಯಲ್ಲಿರಲಿ. ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರು ಇರಲೇಬೇಕು. ಏಕೋಪಾಧ್ಯಾಯ ಶಾಲೆ ಕಾನೂನಿನ ಕಣ್ಣಿನಲ್ಲಿ ಶಾಲೆಯೇ ಅಲ್ಲ ಎಂದು ನಾವು ಹೇಳುತ್ತೇವೆ. 90 ಮಕ್ಕಳಿಗೆ ಮೂವರು, 120ಕ್ಕೆ ನಾಲ್ವರು. ಆರರಿಂದ ಎಂಟರವರೆಗೆ ಗಣಿತ-ವಿಜ್ಞಾನಕ್ಕೆ, ಸಮಾಜಕ್ಕೆ, ಭಾಷೆಗೆ ಬೇರೆ ಬೇರೆ ಶಿಕ್ಷಕರು. ಇಂಗ್ಲಿಷ್ ಬೇಕು ಎಂಬ ಆಸೆ ತಪ್ಪಲ್ಲ, ಕನ್ನಡ ಸಾಲಿಯಲ್ಲೇ ಇಂಗ್ಲಿಷ್ ಚೆನ್ನಾಗಿ ಕಲಿಸಬಲ್ಲ ಶಿಕ್ಷಕರು ಬೇಕೆಂದು ಅದರಲ್ಲೇ ಬರೆಯಿರಿ. ಮಕ್ಕಳು ಕಡಿಮೆ ಎಂದು ಶಾಲೆಯನ್ನು ಬೇರೆ ಊರಿನದಕ್ಕೆ ಸೇರಿಸುವ ಮಾತು ಬಂದರೆ, ಮಕ್ಕಳು ಏಕೆ ಕಡಿಮೆಯಾದರು ಎಂಬ ಕಾರಣವನ್ನೂ ಬರೆಯಿರಿ.

ಪ್ರತಿ ವರ್ಷ ನಿಮ್ಮ ಶಾಲೆಯ ಖಾತೆಗೆ ಬರುವ ಅನುದಾನವನ್ನೂ ತಿಳಿದುಕೊಳ್ಳಿ. ಸಮಗ್ರ ಶಿಕ್ಷಣ ಯೋಜನೆಯ ಪ್ರಕಾರ 30 ಮಕ್ಕಳವರೆಗಿನ ಶಾಲೆಗೆ 10 ಸಾವಿರ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ, ಸಾವಿರ ಮಕ್ಕಳವರೆಗೆ 75 ಸಾವಿರ ರೂಪಾಯಿವರೆಗೆ. ಅದರಲ್ಲಿ ನೂರಕ್ಕೆ ಹತ್ತಾದರೂ ಸ್ವಚ್ಛತೆಗೆ ಖರ್ಚಾಗಬೇಕು. ಈ ರೊಕ್ಕ ಸಾಲದು ಎಂಬುದು ನಮ್ಮ ಮುಖ್ಯಗುರುಗಳಿಗೂ ಗೊತ್ತು. ಅವರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಈ ಕರಪತ್ರದ ಉದ್ದೇಶವಲ್ಲ. ಚುನಾವಣೆ, ಸಮೀಕ್ಷೆ, ಮೊಬೈಲ್ ಆ್ಯಪ್, ಮೊಟ್ಟೆಯ ಲೆಕ್ಕ ಎಲ್ಲವನ್ನೂ ಅವರ ತಲೆಗೆ ಕಟ್ಟಿ ಪಾಠಕ್ಕೆ ಹೊತ್ತೇ ಉಳಿಯದಂತೆ ಮಾಡಿದವರನ್ನು ಪ್ರಶ್ನಿಸೋಣ, ಮಾಸ್ತರರ ಜೊತೆಯಾಗಿ.

ಖಾಸಗಿ ಶಾಲೆಗೆ ಮಕ್ಕಳನ್ನು ಕಳಿಸುವ ಪಾಲಕರೇ, ನೀವೂ ನಮ್ಮವರೇ. ಶಾಲೆ ಮೊದಲೇ ತಿಳಿಸಿದ ಫೀ ಬಿಟ್ಟು ಡೊನೇಶನ್ ಎಂದು ಕೇಳಿದರೆ ಅದು ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಕಲಂ ಪ್ರಕಾರ ಅಪರಾಧ, ತೆಗೆದುಕೊಂಡದ್ದರ ಹತ್ತು ಪಟ್ಟಿನವರೆಗೆ ದಂಡ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಮ್ಮ ಮಗು ಎಲ್ಲೇ ಓದಲಿ, ನಿಮ್ಮ ತೆರಿಗೆ ಊರ ಸಾಲಿಗೆ ಹೋಗುತ್ತಿದೆ. ಗ್ರಾಮ ಸಭೆಗೆ ಬನ್ನಿ, ನಮ್ಮ ಪಕ್ಕದಲ್ಲಿ ಕುಳಿತುಕೊಳ್ಳಿ.

ಮಾಡಬೇಕಾದದ್ದು ಇದು. ಈ ವಾರವೇ ಓಣಿಯ ಹತ್ತು ಮನೆಯವರು ಸೇರಿ ಮುಖ್ಯಗುರುಗಳನ್ನು ಭೇಟಿಯಾಗಿ ಎಸ್‌ಡಿಎಂಸಿ ಸಭೆ ಕರೆಯಲು ಹೇಳಿ. ಹಳೆಯ ಯೋಜನೆಯನ್ನು ಓದಿಸಿ, ಹೊಸದನ್ನು ಬರೆಯಿಸಿ, ಒಂದು ಪ್ರತಿಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿ. ಗ್ರಾಮ ಸಭೆಯಲ್ಲಿ ಅದನ್ನು ಓದಿ ಠರಾವು ಮಾಡಿಸಿ. ನವೆಂಬರ್‌ನಿಂದ ನಡೆಯುವ ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಎದ್ದು ಕೇಳಲಿ. ಠರಾವಿನ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಜಿಲ್ಲೆಯ ಉಪನಿರ್ದೇಶಕರಾದ ಡಿಡಿಪಿಐ ಅವರಿಗೆ, ನಮ್ಮ ಶಾಸಕರಿಗೆ ಹೋಗಲಿ, ಮಾರ್ಚ್‌ನ ಬಜೆಟ್‌ಗಿಂತ ಮೊದಲು. ಓದಲು ಬಲ್ಲ ಯುವಕರು ಮೊಬೈಲಿನಲ್ಲಿ ಶಾಲೆಯ 11 ಅಂಕಿಯ ಯುಡೈಸ್ ಸಂಖ್ಯೆ ಹಾಕಿ, ಸರಕಾರದ ದಾಖಲೆಯಲ್ಲಿ ಇದೆ ಎಂದು ಬರೆದ ಕೋಣೆ, ಶೌಚಾಲಯ, ಶಿಕ್ಷಕರು ಊರಿನಲ್ಲಿ ನಿಜವಾಗಿ ಇದ್ದಾರೆಯೇ ಎಂದು ತಾಳೆ ನೋಡಲಿ.

ಉತ್ತರ ಸಿಗದಿದ್ದರೆ ಕೆಳಗಿನ ಅರ್ಜಿಯನ್ನು ಕೈಬರಹದಲ್ಲಿ ನಕಲು ಮಾಡಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಕೊಡಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 30 ದಿನಗಳಲ್ಲಿ ಉತ್ತರ ಕೊಡಬೇಕಾದದ್ದು ಅವರ ಕರ್ತವ್ಯ.

ಇವರಿಗೆ,
ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ, (ನಿಮ್ಮ ತಾಲ್ಲೂಕು).

ವಿಷಯ: ಮಾಹಿತಿ ಹಕ್ಕು ಅಧಿನಿಯಮ 2005ರ ಅಡಿಯಲ್ಲಿ ನಮ್ಮೂರ ಶಾಲೆಯ ಅಭಿವೃದ್ಧಿ ಯೋಜನೆ ಮತ್ತು ಅನುದಾನದ ಮಾಹಿತಿ.

(ಊರು) ಗ್ರಾಮದ ಸರಕಾರಿ ಪ್ರಾಥಮಿಕ ಶಾಲೆಗೆ ಸಂಬಂಧಿಸಿ, ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಎಸ್‌ಡಿಎಂಸಿ ಸಲ್ಲಿಸಿದ ಶಾಲಾ ಅಭಿವೃದ್ಧಿ ಯೋಜನೆಯ ದೃಢೀಕೃತ ಪ್ರತಿ, ಆ ಯೋಜನೆಯ ಆಧಾರದ ಮೇಲೆ ಮಂಜೂರಾದ ಮತ್ತು ಬಿಡುಗಡೆಯಾದ ಅನುದಾನದ ಮೊತ್ತ ಹಾಗೂ ದಿನಾಂಕ, ಅದರ ಹಣ ಬಳಕೆ ಪ್ರಮಾಣಪತ್ರದ ಪ್ರತಿ, ಯೋಜನೆಯಂತೆ ಮಂಜೂರಾದ ಶಿಕ್ಷಕರ ಹುದ್ದೆಗಳು, ಅವುಗಳಲ್ಲಿ ಖಾಲಿ ಇರುವವು ಮತ್ತು ಯಾವ ದಿನಾಂಕದಿಂದ ಖಾಲಿ ಇವೆ ಎಂಬ ವಿವರ ನೀಡಬೇಕಾಗಿ ವಿನಂತಿ.

ಇಂತಿ, ತಮ್ಮ ವಿಶ್ವಾಸಿ,
(ಹೆಸರು, ಸಹಿ, ಪೂರ್ಣ ವಿಳಾಸ, ದಿನಾಂಕ)

ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ ಸೀಮೆಯ ಪಾಲಕರು ಮತ್ತು ಕನ್ನಡ ಸಾಲಿಯ ಹಳೆಯ ವಿದ್ಯಾರ್ಥಿಗಳ ಪರವಾಗಿ